ಗುಂಪಿನಲ್ಲಿ ಕಳೆದುಹೋಗುತ್ತಿದ್ದ ಮುಖ

ಒಬ್ಬ ತಾಯಿ ಬರೆದ ಪತ್ರವೊಂದು ಕೆಲವು ವಾರಗಳಿಂದ ನನ್ನ ಮೇಜಿನ ಮೇಲೆ ಉತ್ತರಕ್ಕಾಗಿ ಕಾದು ಕೂತಿದೆ. ಅವರ ಮಗಳು ಒಂಬತ್ತನೇ ತರಗತಿ. ಓದಿನಲ್ಲಿ ಪರವಾಗಿಲ್ಲ. ಆದರೆ ರಫ್ ನೋಟ್‌ಬುಕ್ ತೆಗೆದರೆ ಪುಟಪುಟದಲ್ಲೂ ಅಜ್ಜಿಯ ಮುಖ! ಒಂದು ಕಡೆ ಬರೀ ಕಣ್ಣು, ಇನ್ನೊಂದು ಕಡೆ ಬರೀ ಮೂಗು, ಮತ್ತೊಂದು ಕಡೆ ಸೆರಗು ಹೊದ್ದ ತಲೆ. ಯಾವುದೂ ಪೂರ್ತಿಯಿಲ್ಲ. ‘ಒಂದು ಚಿತ್ರ ನೀಟಾಗಿ ಬರೆದು ಬಣ್ಣ ತುಂಬಿದರೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಅದೇ ಮುಖವನ್ನು ಹೀಗೆ ಮತ್ತೆ ಮತ್ತೆ ಗೀಚುತ್ತಾ ಕೂತರೆ ಏನು ಬಂತು? ಹೊತ್ತೂ ದಂಡ, ಕಾಗದವೂ ದಂಡ. ನೀವಾದರೂ ಬುದ್ಧಿ ಹೇಳಿ’ ಎಂದು ಆ ತಾಯಿ ಕೇಳಿದ್ದಾರೆ.

ಬುದ್ಧಿ ಹೇಳುವುದು ಸುಲಭ. ಆದರೆ ಪತ್ರ ಓದಿದಾಗ ನನಗೆ ನೆನಪಾದದ್ದು ರಷ್ಯದ ಒಬ್ಬ ಚಿತ್ರಕಾರ. ಆತ ಒಂದು ಮುಖಕ್ಕಾಗಿ ವರ್ಷಗಟ್ಟಲೆ ಅಲೆದ. ಹಾಗೆ ಅಲೆಯುತ್ತಾ ಬರೆದ ‘ಗೀಚು’ಗಳನ್ನು ಇವತ್ತು ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅವನ ಕಥೆಯನ್ನು ಹೇಳುತ್ತೇನೆ. ತಾಯಿ ಮಗಳು ಇಬ್ಬರೂ ಕೂತು ಓದಲಿ.

ಚಿತ್ರಕಾರನ ಹೆಸರು ವಾಸಿಲಿ ಸುರಿಕೊವ್. ಚಿತ್ರದ ಹೆಸರು ‘ಬೊಯಾರಿನ್ಯಾ ಮೊರೊಜೊವಾ’. ಬೊಯಾರರು ಎಂದರೆ ಹಳೆಯ ರಷ್ಯದಲ್ಲಿ ಜಾರ್ ದೊರೆಯ ಆಸ್ಥಾನದ ಅತಿ ದೊಡ್ಡ ಮನೆತನದವರು. ಬೊಯಾರಿನ್ಯಾ ಎಂದರೆ ಅಂಥ ಮನೆಯ ಹೆಣ್ಣುಮಗಳು. ಸೋವಿಯತ್ ಪುಸ್ತಕಗಳು, ಪತ್ರಿಕೆಗಳು ನಮ್ಮ ಊರುಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ಈ ಚಿತ್ರವನ್ನು ಅಂಗೈಯಗಲದ ಅಚ್ಚಿನಲ್ಲಿ ಕೆಲವರಾದರೂ ನೋಡಿರಬಹುದು. ನಿಜವಾದ ಚಿತ್ರ ಎಷ್ಟು ದೊಡ್ಡದು ಗೊತ್ತೆ? ಸುಮಾರು 10 ಅಡಿ ಎತ್ತರ, 19 ಅಡಿಗೂ ಹೆಚ್ಚು ಅಗಲ. ನಮ್ಮ ಅನೇಕ ಶಾಲೆಗಳ ತರಗತಿ ಕೋಣೆಯ ಒಂದಿಡೀ ಗೋಡೆ ಎನ್ನಿ.

ಆ ಗೋಡೆಯ ತುಂಬ ಮಾಸ್ಕೋದ ಒಂದು ಚಳಿಗಾಲದ ಬೀದಿ. ಹಿಮ ಸುರಿದಿದೆ. ಚಕ್ರವಿಲ್ಲದೆ ಹಿಮದ ಮೇಲೆ ಜಾರುವ ಬಂಡಿಯೊಂದು ನಮ್ಮಿಂದ ದೂರಕ್ಕೆ ಹೋಗುತ್ತಿದೆ. ಅದರಲ್ಲಿ ಹುಲ್ಲಿನ ಮೇಲೆ ಕಪ್ಪು ಉಡುಪಿನ ಒಬ್ಬ ಹೆಂಗಸು. ಕೈಗೆ ಸಂಕೋಲೆ. ಬಿಳಿಚಿದ ಮುಖ, ಉರಿಯುವ ಕಣ್ಣು. ಆಕೆ ಬಲಗೈಯನ್ನು ಮೇಲೆತ್ತಿ ಎರಡು ಬೆರಳು ತೋರಿಸುತ್ತಿದ್ದಾಳೆ. ಬೀದಿಯ ಎರಡೂ ಪಕ್ಕ ಜನ. ಕೆಲವರು ಹಲ್ಲು ಕಿರಿದು ನಗುತ್ತಿದ್ದಾರೆ, ಕೆಲವರು ತಲೆ ಬಾಗಿಸಿದ್ದಾರೆ, ಕೆಲವರು ಕಣ್ಣೀರು ನುಂಗುತ್ತಿದ್ದಾರೆ. ಹುಡುಗನೊಬ್ಬ ಬಂಡಿಯ ಜತೆಗೇ ಓಡುತ್ತಿದ್ದಾನೆ. ಬಲಗಡೆ ಕೆಳಗೆ, ಹಿಮದ ಮೇಲೆಯೇ, ಹರಕು ಅಂಗಿಯ ಬರಿಗಾಲಿನವನೊಬ್ಬ ಕೂತು ತಾನೂ ಎರಡು ಬೆರಳೆತ್ತಿ ಆಕೆಗೆ ಉತ್ತರ ಕೊಡುತ್ತಿದ್ದಾನೆ.

ಈ ಎರಡು ಬೆರಳಿನ ಸಂಗತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1650ರ ದಶಕದಲ್ಲಿ ರಷ್ಯದ ಚರ್ಚಿನ ಮುಖ್ಯಸ್ಥನಾಗಿದ್ದ ನಿಕೋನ್ ಪೂಜಾವಿಧಿಗಳನ್ನು ತಿದ್ದಿದ. ಅಲ್ಲಿಯವರೆಗೆ ಎರಡು ಬೆರಳಿನಿಂದ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ ಜನ ಇನ್ನು ಮುಂದೆ ಮೂರು ಬೆರಳು ಕೂಡಿಸಬೇಕು ಎಂದಾಯಿತು. ನಮಗೆ ಇದು ಕೂದಲು ಸೀಳುವ ಜಗಳದಂತೆ ಕಾಣಬಹುದು. ಆದರೆ ಹಿರಿಯರಿಂದ ಬಂದದ್ದನ್ನು ಸರಕಾರ ಬಂದು ‘ತಪ್ಪು’ ಎಂದಾಗ ಸಾವಿರಾರು ಮಂದಿ ಎದುರು ನಿಂತರು. ಅವರನ್ನು ಹಳೆಯ ನಂಬಿಕೆಯವರು ಎನ್ನುತ್ತಾರೆ. ಫಿಯೊದೋಸಿಯಾ ಮೊರೊಜೊವಾ ಅವರಲ್ಲಿ ಒಬ್ಬಳು. ಅಪಾರ ಆಸ್ತಿಯ ವಿಧವೆ, ಅರಮನೆಗೆ ಹತ್ತಿರದವಳು. 1671ರ ನವೆಂಬರಿನಲ್ಲಿ ಆಕೆಯನ್ನು ಹಿಡಿದು, ಸಂಕೋಲೆ ತೊಡಿಸಿ, ಬಂಡಿಯಲ್ಲಿ ಕ್ರೆಮ್ಲಿನ್ ಕೋಟೆಯ ಬೀದಿಯಲ್ಲಿ ಎಳೆದುಕೊಂಡು ಹೋದರು. ಮೇಲಿನಿಂದ ಜಾರ್ ನೋಡುತ್ತಿರಬಹುದು ಎಂದುಕೊಂಡು ಆಕೆ ಕೈಯೆತ್ತಿ ಎರಡು ಬೆರಳು ತೋರಿಸಿದಳು, ಸಂಕೋಲೆ ಅಲ್ಲಾಡಿಸಿದಳು ಎಂದು ಆಕೆಯ ಹಳೆಯ ಚರಿತ್ರೆ ಹೇಳುತ್ತದೆ. ನಾಲ್ಕು ವರ್ಷದ ನಂತರ, 1675ರಲ್ಲಿ, ಬೊರೊವ್ಸ್ಕ್ ಎಂಬಲ್ಲಿ ನೆಲದೊಳಗಿನ ಸೆರೆಯಲ್ಲಿ ಹಸಿವಿನಿಂದ ಸತ್ತಳು. ಅಂದ ಹಾಗೆ, ಹಳೆಯ ವಿಧಿಗಳ ಮೇಲೆ ಹಾಕಿದ್ದ ಬಹಿಷ್ಕಾರವನ್ನು ರಷ್ಯದ ಚರ್ಚು ಹಿಂತೆಗೆದುಕೊಂಡದ್ದು 1971ರಲ್ಲಿ. ಆಕೆಯನ್ನು ಎಳೆದೊಯ್ದು ಸರಿಯಾಗಿ ಮುನ್ನೂರು ವರ್ಷ ಕಳೆದ ಮೇಲೆ!

ಇಷ್ಟು ಇತಿಹಾಸ. ಇನ್ನು ಇದನ್ನು ಚಿತ್ರಿಸಲು ಹೊರಟವನ ಕಷ್ಟ ನೋಡಿ. ಮೊರೊಜೊವಾ ಸತ್ತು ಇನ್ನೂರು ವರ್ಷವಾಗಿತ್ತು. ನೋಡಿ ಬರೆಯಲು ಫೋಟೋ ಇಲ್ಲ. ಆ ಬೀದಿಯಲ್ಲಿ ನಿಂತಿದ್ದವರ ಮುಖಗಳಂತೂ ಯಾರಿಗೂ ಗೊತ್ತಿಲ್ಲ. ಹಾಗಾದರೆ ಮುಖಗಳನ್ನು ಎಲ್ಲಿಂದ ತರುವುದು?

ಊಹಿಸಿ ಬರೆಯಬಹುದಿತ್ತು. ಚಿತ್ರಕಲಾ ಅಕಾಡೆಮಿಗಳಲ್ಲಿ ಅಂಥ ಕೆಲಸ ಬೇಕಾದಷ್ಟು ನಡೆಯುತ್ತಿತ್ತು: ಒಂದು ಸಿಟ್ಟಿನ ಮುಖ, ಒಂದು ಅಳುಮುಖ, ಗಡ್ಡದ ಮುದುಕ ಒಬ್ಬ, ಮುಗಿಯಿತು. ಸುರಿಕೊವ್ ಹಾಗೆ ಮಾಡುವ ಪೈಕಿ ಆಗಿರಲಿಲ್ಲ. ಆತ 1848ರಲ್ಲಿ ಸೈಬೀರಿಯದ ಕ್ರಾಸ್ನೊಯಾರ್ಸ್ಕ್‌ನಲ್ಲಿ ಕೊಸಾಕ್ ಕುಟುಂಬದಲ್ಲಿ ಹುಟ್ಟಿದವನು. ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಊರಿನ ಚಿನ್ನದ ಗಣಿಯ ಧಣಿಯೊಬ್ಬ ಹುಡುಗನ ಕೈಚಳಕ ನೋಡಿ ಖರ್ಚು ವಹಿಸಿಕೊಂಡ. ಇಪ್ಪತ್ತರ ಹುಡುಗ ಆ ಧಣಿಯ ಮೀನಿನ ಬಂಡಿಗಳ ಸಾಲಿನ ಜತೆ ಚಳಿಗಾಲದಲ್ಲಿ ಸೈಬೀರಿಯ ದಾಟಿ ಪೀಟರ್ಸ್‌ಬರ್ಗ್ ಕಡೆ ಹೊರಟು, ಅಲ್ಲಿನ ಅಕಾಡೆಮಿ ಸೇರಿದ. ಮುಂದೆ ಮಾಸ್ಕೋದಲ್ಲಿ ನೆಲೆ ನಿಂತ. ಅವನು ಬೆಳೆದ ಸೈಬೀರಿಯದಲ್ಲಿ ಹಳೆಯ ಕಾಲ ಇನ್ನೂ ಸತ್ತಿರಲಿಲ್ಲ. ಉಡುಪು, ಮಾತು, ಬೀದಿಯಲ್ಲಿ ಕೊಡುವ ಶಿಕ್ಷೆಗಳು, ಎಲ್ಲವನ್ನೂ ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದ. ಹೀಗಾಗಿ ಹಳೆಯ ಕಾಲದ ಮುಖಗಳು ಈಗಲೂ ಎಲ್ಲೋ ಓಡಾಡುತ್ತಿವೆ, ಹುಡುಕಿದರೆ ಸಿಗುತ್ತವೆ ಎಂಬುದು ಅವನ ನಂಬಿಕೆ.

ಮೊದಲು ಸಿಕ್ಕಿದ್ದು ಮುಖವಲ್ಲ, ಒಂದು ಕಾಗೆ. ಹಿಮದ ಮೇಲೆ ಒಂದು ರೆಕ್ಕೆ ಪಕ್ಕಕ್ಕೆ ಚಾಚಿ ಕೂತ ಕಾಗೆ. ಬಿಳುಪಿನ ನಡುವೆ ಒಂದು ಕಪ್ಪು ಕಲೆ. ಆ ಕಲೆಯನ್ನು ವರ್ಷಗಟ್ಟಲೆ ಮರೆಯಲಾಗಲಿಲ್ಲ, ಅದೇ ಮುಂದೆ ಮೊರೊಜೊವಾ ಆಯಿತು ಎಂದು ಸುರಿಕೊವ್ ಹೇಳಿಕೊಂಡಿದ್ದಾನೆ. ಈ ಮಾತುಗಳನ್ನೆಲ್ಲ 1913ರಲ್ಲಿ ಅವನ ಬಾಯಿಂದಲೇ ಕೇಳಿ ಬರೆದಿಟ್ಟುಕೊಂಡವನು ಕವಿ ಮ್ಯಾಕ್ಸಿಮಿಲಿಯನ್ ವೊಲೊಶಿನ್. ನಾನು ಮುಂದೆ ಹೇಳುವುದರಲ್ಲಿ ಬಹುಪಾಲು ಆ ಮಾತುಕತೆಯಿಂದಲೇ ಬಂದದ್ದು.

1881ರಲ್ಲಿ ಚಿತ್ರದ ಮೊದಲ ಕರಡು ಆಯಿತು. ಆಮೇಲೆ ಬೇರೊಂದು ಚಿತ್ರ ಅಡ್ಡ ಬಂತು; ಅದನ್ನು ಮಾರಿದ ಹಣದಲ್ಲಿ ಜರ್ಮನಿ, ಫ್ರಾನ್ಸ್, ಇಟಲಿ ಸುತ್ತಿ ಹಳೆಯ ಗುರುಗಳ ಬಣ್ಣಗಳನ್ನು ಕಣ್ತುಂಬ ನೋಡಿಕೊಂಡು ಬಂದ. ವಾಪಸು ಬಂದವನು ಮೊರೊಜೊವಾ ಚಿತ್ರಕ್ಕೆ ಗಟ್ಟಿಯಾಗಿ ಕೂತ. ಕೂತ ಎನ್ನುವುದಕ್ಕಿಂತ ಬೀದಿಗಿಳಿದ ಎನ್ನಬೇಕು.

ರಷ್ಯದ ಕಲಾವಿದರು ಇಲ್ಲಿ ಎರಡು ಮಾತು ಬಳಸುತ್ತಾರೆ. ‘ಎಸ್ಕೀಜ್’ ಎಂದರೆ ಇಡೀ ಚಿತ್ರದ ಸಣ್ಣ ಕರಡು: ಬಂಡಿ ಎಲ್ಲಿ, ಗುಂಪು ಎಲ್ಲಿ, ಬೆಳಕು ಎಲ್ಲಿಂದ ಎಂಬ ಲೆಕ್ಕ. ‘ಎತ್ಯೂದ್’ ಎಂದರೆ ಅದರೊಳಗಿನ ಒಂದೊಂದೇ ವಸ್ತುವನ್ನು, ಒಬ್ಬೊಬ್ಬನೇ ಮನುಷ್ಯನನ್ನು ಎದುರಿಗೆ ಇಟ್ಟುಕೊಂಡು ಬರೆದ ಅಭ್ಯಾಸಚಿತ್ರ. ಎಸ್ಕೀಜ್ ತಲೆಯಿಂದ ಬರಬಹುದು. ಎತ್ಯೂದ್ ಮಾತ್ರ ಕಣ್ಣೆದುರಿನಿಂದಲೇ ಬರಬೇಕು. ನಮ್ಮ ಒಂಬತ್ತನೇ ತರಗತಿಯ ಹುಡುಗಿ ಬರೆಯುತ್ತಿರುವುದು ಎರಡನೆಯದನ್ನು. ಹೆಸರು ಗೊತ್ತಿಲ್ಲ, ಅಷ್ಟೆ.

ಹಿಮದ ಮೇಲೆ ಕೂತವನಿದ್ದಾನಲ್ಲ, ಅವನು ರಷ್ಯದಲ್ಲಿ ‘ಯುರೋದಿವಿ’ ಎಂದು ಕರೆಸಿಕೊಳ್ಳುವ ದೇವರ ಹುಚ್ಚ. ನಮ್ಮಲ್ಲಿ ಅವಧೂತ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅಂಥವನು. ಅವನ ಮುಖ ಸುರಿಕೊವ್‌ಗೆ ಸಿಕ್ಕಿದ್ದು ಮಾಸ್ಕೋದ ಹಳೇ ಸಾಮಾನಿನ ಸಂತೆಯಲ್ಲಿ. ಸೌತೆಕಾಯಿ ಮಾರುತ್ತಾ ನಿಂತಿದ್ದವನ ತಲೆಬುರುಡೆಯ ಆಕಾರ ಕಂಡದ್ದೇ ತಡ, ‘ಇವನೇ!’ ಎನ್ನಿಸಿತು. ಬಾ ಎಂದರೆ ಅವನು ಬರಲೊಲ್ಲ. ಅಂತೂ ಇಂತೂ ಒಪ್ಪಿಸಿದ. ದಾರಿಯುದ್ದಕ್ಕೂ ಆತ ಬೀದಿಯಂಚಿನ ಗೂಟಗಳನ್ನು ಹಾರಿಕೊಂಡು ಬರುತ್ತಿದ್ದನಂತೆ. ಸುರಿಕೊವ್ ಓಡಿಹೋದಾನೆಂದು ತಿರುಗಿ ತಿರುಗಿ ನೋಡಿದರೆ, ಮೋಸ ಮಾಡುವುದಿಲ್ಲ ಎಂಬಂತೆ ತಲೆಯಾಡಿಸುತ್ತಿದ್ದನಂತೆ.

ಆಗ ಚಳಿಗಾಲದ ಆರಂಭ. ಅವನನ್ನು ಒಂದು ಒರಟು ಅಂಗಿಯಲ್ಲಿ, ಬರಿಗಾಲಿನಲ್ಲಿ, ನಿಜವಾದ ಹಿಮದ ಮೇಲೆಯೇ ಕೂರಿಸಿ ಬರೆದ. ಕುಡಿಯಲು ವೋಡ್ಕಾ ಕೊಟ್ಟ, ಕಾಲಿಗೂ ವೋಡ್ಕಾ ತಿಕ್ಕಿದ. ಆದರೂ ಕಾಲು ನೀಲಿಗಟ್ಟಿತು. 1885ರ ಆ ಅಭ್ಯಾಸಚಿತ್ರ ಈಗ ತ್ರೆತ್ಯಾಕೋವ್ ಗ್ಯಾಲರಿಯಲ್ಲಿದೆ. ಕೂಲಿ ಮೂರು ರೂಬಲ್. ಅವನ ಪಾಲಿಗೆ ದೊಡ್ಡ ಹಣ. ಹಣ ಕೈಗೆ ಬಂದದ್ದೇ ಆತ ಮಾಡಿದ ಮೊದಲ ಕೆಲಸವೆಂದರೆ ಒಂದು ರೂಬಲ್ ಎಪ್ಪತ್ತೈದು ಕೊಪೆಕ್ ಕೊಟ್ಟು ಶ್ರೀಮಂತರು ಹತ್ತುವ ಬಿರುಸಿನ ಕುದುರೆಗಾಡಿ ಗೊತ್ತು ಮಾಡಿಕೊಂಡದ್ದು! ಸುರಿಕೊವ್ ಇದನ್ನು ಮೆಚ್ಚಿಕೊಂಡೇ ಹೇಳುತ್ತಾನೆ. ನನಗೂ ಆ ಗಾಡಿಯ ಸವಾರಿಯ ಮಾತು ಬಂದಾಗ ಹಿತವೆನಿಸುತ್ತದೆ. ಆದರೆ ನೀಲಿಗಟ್ಟಿದ ಕಾಲಿನ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಚಿತ್ರಕ್ಕಾಗಿ ಒಬ್ಬ ಬಡವನನ್ನು ಹಿಮದಲ್ಲಿ ಕೂರಿಸಬಹುದೆ? ತಾನು ನರಕದ ಚಿತ್ರ ಬರೆಯುವುದಾದರೆ ತಾನೂ ಬೆಂಕಿಯಲ್ಲಿ ಕೂತು, ಮಾದರಿಯವರನ್ನೂ ಬೆಂಕಿಯಲ್ಲಿ ಕೂರಿಸುತ್ತಿದ್ದೆ ಎಂಬರ್ಥದ ಮಾತನ್ನು ಸುರಿಕೊವ್ ಆಡಿದ್ದಾನೆ. ಹಟವೇನೋ ದೊಡ್ಡದು. ಆದರೆ ನಾವು ಅದನ್ನು ಪೂರ್ತಿ ಮೆಚ್ಚಲೇಬೇಕೆಂದಿಲ್ಲ.

ಹಿಮದ ಮೇಲೇ ಕೂರಿಸಬೇಕಾದ ಕಾರಣವನ್ನೂ ಹೇಳಬೇಕು. ಕೋಣೆಯಲ್ಲಿ ಕೂತ ಮನುಷ್ಯನ ನೆರಳು ಕಂದು ಬಣ್ಣಕ್ಕೆ ತಿರುಗುತ್ತದೆ. ಹಿಮದ ಮೇಲೆ ಕೂತವನಿಗೆ ಬೆಳಕು ಕೆಳಗಿನಿಂದಲೂ ಬರುತ್ತದೆ. ಚರ್ಮ, ಬಟ್ಟೆ, ಕೊನೆಗೆ ಮೊರೊಜೊವಾಳ ಕಪ್ಪು ಉಡುಪು ಕೂಡ ನೇರಳೆ, ಗುಲಾಬಿ ಛಾಯೆ ಕುಡಿಯುತ್ತದೆ. ಇದು ಊಹೆಗೆ ಸಿಗುವುದಿಲ್ಲ. ಆಗ ಸುರಿಕೊವ್ ಇದ್ದ ಮಾಸ್ಕೋದ ಬೀದಿಯಲ್ಲಿ ಹಿಮ ದಪ್ಪವಾಗಿ ಬೀಳುತ್ತಿತ್ತು, ಜಾರುವ ಬಂಡಿಗಳೂ ಬಹಳ. ಆತ ಬಂಡಿಗಳ ಹಿಂದೆ ಹಿಂದೆಯೇ ಹೋಗಿ ಅವು ಬಿಡುವ ಜಾಡು ನೋಡುತ್ತಿದ್ದ. ಹೊಸ ಹಿಮ ಬಿದ್ದ ದಿನ ಯಾರನ್ನಾದರೂ ಕೇಳಿಕೊಂಡು ಅಂಗಳದಲ್ಲಿ ಒಂದು ಬಂಡಿ ಓಡಿಸಿ, ಆ ಜಾಡನ್ನು ಕೂತು ಬರೆಯುತ್ತಿದ್ದ. ಬರೆಯುವಾಗ ಪೆಟ್ಟಿಗೆಯಲ್ಲಿರುವ ಬಣ್ಣಗಳು ಎಷ್ಟು ಬಡವು ಎಂದು ಗೊತ್ತಾಗುತ್ತಿತ್ತಂತೆ.

ಚಿತ್ರದಲ್ಲಿ ಯಾತ್ರಿಕನೊಬ್ಬ ಊರುಗೋಲು ಹಿಡಿದು ನಿಂತಿದ್ದಾನೆ. ಆ ಕೋಲಿನದು ಬೇರೆಯೇ ಕಥೆ. 1885ರಲ್ಲಿ ಸುರಿಕೊವ್ ಮಾಸ್ಕೋದ ಹೊರಗೆ ಮಿತಿಶ್ಚಿ ಎಂಬ ಹಳ್ಳಿಯ ಕಟ್ಟಕಡೆಯ ಗುಡಿಸಲಿನಲ್ಲಿದ್ದ. ಒಂದು ದಿನ ಒಬ್ಬಳು ಯಾತ್ರಿಕ ಮುದುಕಿ ಅಂಥದೊಂದು ಕೋಲೂರಿಕೊಂಡು ಆ ಕಡೆಯಿಂದ ಹೋದಳು. ಈತ ಬಣ್ಣದ ಪೆಟ್ಟಿಗೆ ಹಿಡಿದು ‘ಅಜ್ಜೀ, ಅಜ್ಜೀ, ಆ ಕೋಲು ಕೊಡು!’ ಎಂದು ಕೂಗುತ್ತಾ ಹಿಂದೆ ಓಡಿದ. ಅಜ್ಜಿ ತಿರುಗಿ ನೋಡಿದಳು. ದರೋಡೆಕೋರ ಎಂದುಕೊಂಡು ಕೋಲನ್ನೇ ಬಿಸಾಡಿಬಿಟ್ಟಳು!

ಬಂಡಿ ನೋಡಿ ನಗುವ ಪಾದ್ರಿಯ ಮುಖ ಬಂದದ್ದು ಸಂತೆಯಿಂದಲ್ಲ, ಹಳೆಯ ನೆನಪಿನಿಂದ. ಸುರಿಕೊವ್‌ಗೆ ಆಗ ಎಂಟು ವರ್ಷ. ಶಾಲೆಗೆಂದು ಹಳ್ಳಿಯಿಂದ ಕ್ರಾಸ್ನೊಯಾರ್ಸ್ಕ್‌ಗೆ ಚರ್ಚಿನ ಪರಿಚಾರಕನೊಬ್ಬನ ಜತೆ ಕಳಿಸಿದರು. ದಾರಿಯ ಊರಿನಲ್ಲಿ ಆ ಮಹಾಶಯ ಹುಡುಗನ ಕೈಗೆ ಲಗಾಮು ಕೊಟ್ಟು ಹೆಂಡದಂಗಡಿಗೆ ಹೋದ. ಹಸಿರು ಶೀಶೆಯ ಸಮೇತ ಹೊರಬಂದವನು, ‘ಇನ್ನು ನೀನೇ ಹೊಡಿ ಮಗೂ’ ಎಂದು ಕಾಲು ಇಳಿಬಿಟ್ಟು ಕೂತ. ರಾತ್ರಿಯಿಡೀ ಕುಡಿತ, ಹಾಡು. ಬೆಟ್ಟದ ಇಳಿಜಾರಿನ ಅಪಾಯದ ದಾರಿಯಲ್ಲಿ ಎಂಟು ವರ್ಷದ ಹುಡುಗ ಬಂಡಿ ಹೊಡೆದುಕೊಂಡು ಬೆಳಗಿನ ಹೊತ್ತಿಗೆ ಊರು ಮುಟ್ಟಿಸಿದ. ಆ ಕುಡುಕನ ಮುಖ ಮೂವತ್ತು ವರ್ಷ ತಲೆಯಲ್ಲಿ ಕೂತಿದ್ದು, ಮೊರೊಜೊವಾಳನ್ನು ನೋಡಿ ನಗಲೆಂದು ಹೊರಬಂತು.

ಹೀಗೆ ಒಬ್ಬೊಬ್ಬರಾಗಿ ಗುಂಪು ತುಂಬಿತು. ತಲೆ ಬಾಗಿಸಿದ ಹೆಂಗಸರೆಲ್ಲ ಮಾಸ್ಕೋದ ಪ್ರೆಒಬ್ರಜೆನ್‌ಸ್ಕೊಯೆ ಎಂಬಲ್ಲಿದ್ದ ಹಳೆಯ ನಂಬಿಕೆಯವರೇ. ಅಲ್ಲಿ ಅವರದೇ ರುದ್ರಭೂಮಿ, ಅವರದೇ ನೆಲೆ ಇತ್ತು. ಹೊರಗಿನವರನ್ನು ಹತ್ತಿರ ಸೇರಿಸದ ಆ ಜನ ಸುರಿಕೊವ್‌ಗೆ ಮಾತ್ರ ತಮ್ಮ ಚಿತ್ರ ಬರೆಯಲು ಬಿಟ್ಟರು. ಕಾರಣ? ಇವನು ಕೊಸಾಕ್, ಮತ್ತು ಹೊಗೆಸೊಪ್ಪು ಸೇದುವುದಿಲ್ಲ!

ಗುಂಪು ಮುಗಿಯುತ್ತಾ ಬಂತು. ಆಗ ಶುರುವಾಯಿತು ನಿಜವಾದ ಸಂಕಟ. ನಡುವೆ ಕೂರಬೇಕಾದವಳ ಮುಖವೇ ಇಲ್ಲ.

ಮೊದಲು ಸುರಿಕೊವ್‌ನ ಮನಸ್ಸಿನಲ್ಲಿದ್ದದ್ದು ತನ್ನ ಚಿಕ್ಕಮ್ಮ ಅವ್ದೋತ್ಯಾ ವಾಸಿಲ್ಯೆವ್ನಾ. ಆಕೆಯೂ ಹಳೆಯ ನಂಬಿಕೆಯ ಕಡೆ ವಾಲುತ್ತಿದ್ದಳು. ಆಕೆಯ ಮುಖ ಇಟ್ಟು ನೋಡಿದ. ಆಗಲಿಲ್ಲ. ಬೇರೆ ಬರೆದ, ಮತ್ತೆ ಬರೆದ. ಯಾವ ಮುಖ ಇಟ್ಟರೂ ಗುಂಪು ಅದನ್ನು ಹೊಡೆದುಹಾಕುತ್ತಿತ್ತು. ಯೋಚಿಸಿ ನೋಡಿ. ಸುತ್ತಲಿನ ಒಂದೊಂದು ಮುಖವೂ ಸಂತೆಯಿಂದ, ಬೀದಿಯಿಂದ, ನೆನಪಿನಿಂದ ಎದ್ದು ಬಂದ ಜೀವಂತ ಮುಖ. ಅವುಗಳ ನಡುವೆ ಅರೆಬರೆ ಸತ್ಯದ ಮುಖ ನಿಲ್ಲುವುದಾದರೂ ಹೇಗೆ? ಅಲ್ಲಿನ ಸೌತೆಕಾಯಿ ಮಾರುವವನ ಮುಂದೆ ಬೊಯಾರಿನ್ಯಾ ಪೇಲವವಾಗುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಗುಂಪಿನ ಬಣ್ಣ ಸ್ವಲ್ಪ ಮಸುಕು ಮಾಡಿ, ನಡುವಿನ ಮುಖಕ್ಕೆ ಬೆಳಕು ಹೆಚ್ಚಿಸಿ ಕೆಲಸ ಮುಗಿಸುತ್ತಿದ್ದರು. ಸುರಿಕೊವ್ ಗುಂಪನ್ನು ಮುಟ್ಟಲಿಲ್ಲ. ಹುಡುಕುತ್ತಲೇ ಹೋದ.

ಅದೇ ಪ್ರೆಒಬ್ರಜೆನ್‌ಸ್ಕೊಯೆಗೆ ಒಂದು ದಿನ ಉರಾಲ್ ಸೀಮೆಯಿಂದ ಒಬ್ಬ ಹೆಂಗಸು ಬಂದಳು. ಅನಸ್ತಾಸ್ಯಾ ಮಿಖಾಯಿಲೊವ್ನಾ ಎಂದು ಹೆಸರು. ಹಳೆಯ ನಂಬಿಕೆಯವರ ನಡುವೆ ಶಾಸ್ತ್ರಗ್ರಂಥಗಳನ್ನು ಓದಿ ಹೇಳುವವಳು. ಸುರಿಕೊವ್ ಆಕೆಯನ್ನು ಅಲ್ಲೇ ಒಂದು ಕೈತೋಟದಲ್ಲಿ ಕೂರಿಸಿ ಎರಡು ಗಂಟೆಯಲ್ಲಿ ಅಭ್ಯಾಸಚಿತ್ರ ಬರೆದ. ಅದನ್ನು ತಂದು ದೊಡ್ಡ ಚಿತ್ರದಲ್ಲಿ ಸೇರಿಸಿದಾಗ ಆಕೆ ಎಲ್ಲರನ್ನೂ ಗೆದ್ದುಬಿಟ್ಟಳು ಎಂದು ಹೇಳುತ್ತಾನೆ. ಮೊರೊಜೊವಾಳ ತಲೆಯ ಆ ಅಭ್ಯಾಸಚಿತ್ರದ ಮೇಲಿನ ಇಸವಿ 1886. ಮೊದಲ ಕರಡು ಬರೆದು ಆಗಲೇ ಐದು ವರ್ಷವಾಗಿತ್ತು.

ಎರಡು ಗಂಟೆ! ಪರೀಕ್ಷೆಗೆ ಓದುವ ಮಕ್ಕಳು ಇದನ್ನಷ್ಟೇ ಹಿಡಿದುಕೊಂಡು ಹಿಗ್ಗಬಾರದು. ಅಷ್ಟು ವರ್ಷ ಒಪ್ಪದ ಮುಖಗಳನ್ನು ಬರೆದು ಬರೆದು, ಯಾವುದು ತನಗೆ ಬೇಡ ಎಂಬುದು ಅವನ ಕೈಗೆ ತಿಳಿದುಹೋಗಿತ್ತು. ಮೊರೊಜೊವಾಳ ಗುರುವಾಗಿದ್ದ ಅವ್ವಾಕುಮ್ ಎಂಬ ಪಾದ್ರಿ ಆಕೆಯ ತೆಳ್ಳನೆಯ ಬೆರಳುಗಳನ್ನೂ ಮಿಂಚಿನಂಥ ಕಣ್ಣುಗಳನ್ನೂ ವರ್ಣಿಸಿ ಬರೆದಿದ್ದ. ಅದನ್ನು ಸುರಿಕೊವ್ ಓದಿಕೊಂಡಿದ್ದ. ಓದಿದ ಮಾತಿಗೆ ಸರಿಹೊಂದುವ ಮುಖ ಎದುರು ಬಂದಾಗ ಗುರುತು ಹಿಡಿಯಲು ಒಂದು ಕ್ಷಣ, ಬರೆಯಲು ಎರಡು ಗಂಟೆ ಸಾಕಾಯಿತು.

ಮುಖ ಕೇಳಿ ಪಡೆಯುವುದರಲ್ಲಿ ಇನ್ನೊಂದು ತೊಡಕು ಇದೆ. ಇದಕ್ಕೂ ಮೊದಲು 1881ರಲ್ಲಿ ಸುರಿಕೊವ್ ‘ಸ್ತ್ರೆಲ್ತ್ಸಿಗಳ ಮರಣದಂಡನೆಯ ಮುಂಜಾನೆ’ ಎಂಬ ಚಿತ್ರ ಬರೆದಿದ್ದ. ಮೊದಲನೇ ಪೀಟರ್ ದೊರೆ ದಂಗೆಯೆದ್ದ ಸೈನಿಕರನ್ನು ಕೊಲ್ಲಿಸಿದ ಸಂಗತಿ. ಅದರಲ್ಲಿ ಮೇಣದಬತ್ತಿ ಹಿಡಿದು ದೊರೆಯನ್ನು ದುರುಗುಟ್ಟಿ ನೋಡುವ ಕೆಂಗಡ್ಡದವನಿದ್ದಾನೆ. ಅವನು ನಿಜದಲ್ಲಿ ಕುಜ್ಮಾ ಎಂಬ ಗುಂಡಿ ತೋಡುವವನು. ಸ್ಮಶಾನದಲ್ಲಿ ಕಣ್ಣಿಗೆ ಬಿದ್ದವನು. ಬಂಡಿ ಹತ್ತಲು ಒಂದು ಕಾಲು ಎತ್ತಿದ್ದವನು ಗೆಳೆಯರು ನಕ್ಕರೆಂದು ಇಳಿದುಬಿಟ್ಟ. ಬಹಳ ಕಾಡಿ ಬೇಡಿದ ಮೇಲೆ ಬಂದು ಕೂತ. ಕೂತವನು, ‘ನನ್ನ ತಲೆ ಕಡೀತೀರೇನು?’ ಎಂದು ಕೇಳುತ್ತಿದ್ದನಂತೆ. ತಾನು ಬರೆಯುತ್ತಿರುವುದು ಮರಣದಂಡನೆಯ ಚಿತ್ರ ಎಂದು ಎದುರಿಗೆ ಕೂತವರಿಗೆ ಹೇಳಲು ಸುರಿಕೊವ್‌ಗೆ ನಾಲಿಗೆ ಬರಲಿಲ್ಲ. 1883ರ ಚಿತ್ರದಲ್ಲಿ ಗಡೀಪಾರಾದ ಮಂತ್ರಿ ಮೆನ್ಶಿಕೊವ್‌ನ ಮುಖಕ್ಕೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರನ್ನು ಬೀದಿಯಲ್ಲಿ ಕಂಡು ಬೆನ್ನು ಹತ್ತಿದ್ದ. ‘ನನ್ನನ್ನು ನೋಡಿ ಯಾರ ಚಿತ್ರ ಬರೀತೀರಿ?’ ಎಂದು ಅವರು ಕೇಳಿದರು. ಪದವಿ ಕಳೆದುಕೊಂಡು ಹಾಳಾದವನ ಹೆಸರು ಹೇಳಿದರೆ ಮುದುಕರು ನೊಂದುಕೊಂಡಾರು ಎಂದು, ಗೆದ್ದ ಸೇನಾಪತಿ ಸುವೊರೊವ್‌ನ ಹೆಸರು ಹೇಳಿಬಿಟ್ಟ! ಅದೇ ಚಿತ್ರದಲ್ಲಿ ಮೆನ್ಶಿಕೊವ್‌ನ ಕಾಲ ಬಳಿ ಕಪ್ಪು ತುಪ್ಪಟದ ಅಂಗಿಯಲ್ಲಿ ಮುದುಡಿ ಕೂತ ಕಾಯಿಲೆಯ ಮಗಳಿಗೆ ಮಾದರಿಯಾದವಳು ಸುರಿಕೊವ್‌ನ ಹೆಂಡತಿ. ಆಕೆ 1888ರಲ್ಲಿ ತೀರಿಕೊಂಡಳು. ಆ ಮೇಲೆ ಆತ ಕೆಲಕಾಲ ಕುಂಚ ಬಿಟ್ಟು, ಮಕ್ಕಳನ್ನು ಕರೆದುಕೊಂಡು ಸೈಬೀರಿಯಕ್ಕೆ ಹೋಗಿಬಿಟ್ಟ.

ಇದೇ ಕೆಲಸವನ್ನು ಬೇರೆ ರೀತಿ ಮಾಡಿದವನು ಸುರಿಕೊವ್‌ನ ಗೆಳೆಯ ಇಲ್ಯಾ ರೆಪಿನ್. ರಷ್ಯದ ರಾಜ್ಯಮಂಡಳಿಗೆ ನೂರು ವರ್ಷ ತುಂಬಿದ 1901ರ ಸಭೆಯನ್ನು ಚಿತ್ರಿಸುವ ಸರಕಾರಿ ಕೆಲಸ ಅವನಿಗೆ ಬಂತು. 4 ಮೀಟರ್ ಎತ್ತರ, ಸುಮಾರು 8.77 ಮೀಟರ್ ಅಗಲದ ಚಿತ್ರ, ಮುಗಿದದ್ದು 1903ರಲ್ಲಿ. ಅಲ್ಲಿ ಮುಖ ಹುಡುಕುವ ಪ್ರಮೇಯವಿಲ್ಲ. ಎಲ್ಲ ಮಂತ್ರಿ ಮಹನೀಯರು ತಂತಮ್ಮ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ರೆಪಿನ್ ಒಬ್ಬೊಬ್ಬರನ್ನೂ ಕೆಲವೇ ಬಾರಿ ಕೂರಿಸಿ, ಚುರುಕಾಗಿ ಅಭ್ಯಾಸಚಿತ್ರ ಬರೆದ. ಆ ದೊಡ್ಡ ಚಿತ್ರ ನೋಡಿದರೆ ಸಭೆಯ ವರದಿ ಓದಿದಂತೆ. ಅಭ್ಯಾಸಚಿತ್ರಗಳಲ್ಲಾದರೋ ಒಬ್ಬನ ದರ್ಪ, ಇನ್ನೊಬ್ಬನ ಬಳಲಿಕೆ, ಮತ್ತೊಬ್ಬನ ಕುಟಿಲತೆ ನಾಲ್ಕೇ ಗೆರೆಯಲ್ಲಿ ಹೊರಬಿದ್ದಿವೆ. ನನ್ನನ್ನು ಕೇಳಿದರೆ ದೊಡ್ಡದಕ್ಕಿಂತ ಆ ಸಣ್ಣವೇ ಮೇಲು. ಹಾಗೆಂದವರು ಬೇರೆಯವರೂ ಇದ್ದಾರೆ. ಸುರಿಕೊವ್‌ನಲ್ಲಿ ಹಾಗಾಗುವುದಿಲ್ಲ. ಅವನ ಸಣ್ಣ ಚಿತ್ರಗಳೆಲ್ಲ ದೊಡ್ಡದರ ಒಳಗೆ ಹೋಗಿ ಕೂತು ಅಲ್ಲಿ ಉಸಿರಾಡುತ್ತವೆ.

ಮುಖ ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಂಡಿ ಚಲಿಸುತ್ತಿರುವಂತೆ ಕಾಣಬೇಕಲ್ಲ? ಅದಕ್ಕೆ ಬಂಡಿಯ ಹಿಂದೆ ಎಷ್ಟು ಹಿಮದ ನೆಲ ಬೇಕು ಎಂಬ ಲೆಕ್ಕ ಹತ್ತದೆ ಕ್ಯಾನ್ವಾಸಿಗೆ ಕೆಳಗಡೆ ಇನ್ನಷ್ಟು ತುಂಡು ಸೇರಿಸಿದ. ಚಿತ್ರ ನೋಡಲು ಬಂದ ಲಿಯೋ ಟಾಲ್‌ಸ್ಟಾಯ್ ಕೆಳಗಿನ ಭಾಗ ಹೆಚ್ಚಾಯಿತು, ಕತ್ತರಿಸಬಹುದು ಎಂದನಂತೆ. ಸುರಿಕೊವ್ ಒಪ್ಪಲಿಲ್ಲ. ಅದನ್ನು ಕತ್ತರಿಸಿದರೆ ಬಂಡಿ ಮುಂದೆ ಹೋಗುವುದಿಲ್ಲ ಎಂಬುದು ಅವನ ವಾದ. ಟಾಲ್‌ಸ್ಟಾಯ್‌ಗೇ ‘ಆಗುವುದಿಲ್ಲ’ ಎನ್ನುವ ಎದೆಗಾರಿಕೆ! ನಿಮಗೆ ಈಗ ಮೊಬೈಲಿನಲ್ಲೇ ಚಿತ್ರ ಸಿಗುತ್ತದೆ. ಕೆಳಗಿನ ಭಾಗವನ್ನು ಕೈಯಿಂದ ಮುಚ್ಚಿ ನೋಡಿ, ತೆರೆದು ನೋಡಿ. ಯಾರು ಸರಿ ಎಂದು ನೀವೇ ತೀರ್ಮಾನಿಸಿ.

1887ರಲ್ಲಿ ಸಂಚಾರಿ ಕಲಾವಿದರ ಹದಿನೈದನೇ ಪ್ರದರ್ಶನದಲ್ಲಿ ಚಿತ್ರವನ್ನು ಇಟ್ಟರು. ವ್ಯಾಪಾರಿಯೂ ಕಲಾಸಂಗ್ರಾಹಕನೂ ಆದ ಪಾವೆಲ್ ತ್ರೆತ್ಯಾಕೋವ್ ಅದನ್ನು 25,000 ರೂಬಲ್ ಕೊಟ್ಟು ಕೊಂಡ. 1892ರಲ್ಲಿ ತನ್ನ ಇಡೀ ಸಂಗ್ರಹವನ್ನು ಆತ ಮಾಸ್ಕೋ ನಗರಕ್ಕೆ ಬಿಟ್ಟುಕೊಟ್ಟ. ಉರಾಲಿನಿಂದ ಬಂದ ಆ ಓದುಗಿತ್ತಿ, ಸೌತೆಕಾಯಿಯವನು, ತಲೆಬಾಗಿದ ಹೆಂಗಸರು ಎಲ್ಲರೂ ಈಗ ಅಲ್ಲೇ ಇದ್ದಾರೆ.

ಇನ್ನು ಪತ್ರ ಬರೆದ ತಾಯಿಗೆ. ನಿಮ್ಮ ಮಗಳ ರಫ್ ನೋಟ್‌ಬುಕ್ಕನ್ನು ವರ್ಷದ ಕೊನೆಗೆ ರದ್ದಿಯವನಿಗೆ ಹಾಕಬೇಡಿ. ಗಣಿತದ ಲೆಕ್ಕದ ಪಕ್ಕದಲ್ಲೇ ಮೂಗು ಬರೆದಿದ್ದರೂ ಹಾಗೇ ಇರಲಿ. ಚಿತ್ರದ ಕೆಳಗೆ ತಾರೀಖು ಹಾಕಲು ಹೇಳಿ. ಐದು ವರ್ಷ ಬಿಟ್ಟು ನೋಡುವಾಗ ಬೇಕಾಗುತ್ತದೆ. ಸಾಧ್ಯವಾದರೆ ಗೆರೆಯಿಲ್ಲದ ಹಾಳೆಯ ಪುಸ್ತಕವೊಂದನ್ನು ತಂದುಕೊಡಿ. ದುಬಾರಿಯದು ಬೇಡ, ದುಬಾರಿ ಕಾಗದದ ಮೇಲೆ ಮಕ್ಕಳು ಹೆದರಿ ಹೆದರಿ ಬರೆಯುತ್ತಾರೆ. ಫ್ರೇಮಿನ ಮಾತು ಸದ್ಯಕ್ಕೆ ಎತ್ತಬೇಡಿ. ಮಗಳಿಗೂ ಒಂದು ಮಾತು: ನಿದ್ದೆ ಹೋದಾಗ, ಗೊತ್ತಾಗದ ಹಾಗೆ ಬರೆಯುವುದರ ಬದಲು ಅಜ್ಜಿಗೆ ಹೇಳಿಯೇ ಬರಿ. ಬೆಳಿಗ್ಗೆ ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರಲು ಕೇಳು. ಅಕ್ಕಿ ಆರಿಸುವುದೋ, ಹೂ ಕಟ್ಟುವುದೋ, ಏನಾದರೂ ಕೆಲಸ ಕೈಯಲ್ಲಿರಲಿ. ಸುಮ್ಮನೆ ಕೂತರೆ ಅಜ್ಜಿಯ ಮುಖ ಫೋಟೋಕ್ಕೆ ಕೂತಂತೆ ಬಿಗಿದುಕೊಳ್ಳುತ್ತದೆ. ‘ಯಾಕೇ, ಇನ್ನೂ ಮುಗಿದಿಲ್ವಾ?’ ಎಂದು ಅವರು ಕೇಳುತ್ತಾರೆ. ಕೇಳಲಿ.